ಮೂರನೆಯ ಕುರ್ಚಿ

ಜಿಲ್ಲಾಧಿಕಾರಿ ಕಚೇರಿಯ ವಿಷಯ ನಿರ್ವಾಹಕರು ಕಡತದ ದಾರ ಬಿಚ್ಚಿ, ತಳದಲ್ಲಿದ್ದ ಆದೇಶದ ಹಾಳೆಯನ್ನು ಎಳೆದು ತೋರಿಸಿದಾಗಲೇ ನನಗೆ ಗೊತ್ತಾದದ್ದು: ನಮ್ಮ ಜಿಲ್ಲೆಯ ಸ್ಥಳೀಯ ಮಟ್ಟದ ಸಮಿತಿಯ ಅವಧಿ ಮುಗಿದು ಆಗಲೇ ಹದಿನಾಲ್ಕು ತಿಂಗಳಾಗಿತ್ತು. ಮಗಳ ಪಾಲಕತ್ವಕ್ಕೆ ಅರ್ಜಿ ಹಾಕಿದ್ದ ತಾಯಿಯೊಬ್ಬರು ನನ್ನ ಪಕ್ಕದಲ್ಲೇ ನಿಂತಿದ್ದರು. ಅವರದೂ ಸೇರಿ ಹನ್ನೆರಡು ಅರ್ಜಿಗಳು ಆ ಕಡತದೊಳಗೆ ಮಲಗಿದ್ದವು. “ಸಮಿತಿಯೇ ಇಲ್ಲದೆ ಸಹಿ ಎಲ್ಲಿಂದ ತರುವುದು ಮೇಡಂ? ನಾಳೆ ಆಡಿಟ್‌ನವರು ಕೇಳಿದರೆ ನಾನೇನು ಹೇಳಲಿ?” ಎಂದರು ವಿಷಯ ನಿರ್ವಾಹಕರು. ಮೂರು ವರ್ಷ ಮುಗಿಯುವ ತನಕ, ಇಲ್ಲವೇ ನ್ಯಾಷನಲ್ ಟ್ರಸ್ಟ್‌ನ ಮಂಡಳಿ ಅದನ್ನು ಪುನಾರಚಿಸುವ ತನಕ ಸಮಿತಿ ಕೆಲಸ ಮಾಡುತ್ತದೆ ಎನ್ನುತ್ತದೆ ನ್ಯಾಷನಲ್ ಟ್ರಸ್ಟ್ ಕಾಯ್ದೆಯ 13ನೆಯ ಕಲಮು. ಅದನ್ನು ಎರಡು ಬಗೆಯಲ್ಲಿ ಓದಬಹುದು. ಕೆಲಸ ನಿಲ್ಲುವ ಬಗೆಯಲ್ಲಿ ಓದುವುದು ಕಚೇರಿಗಳ ರೂಢಿ.

ಹಿನ್ನೆಲೆ ತಿಳಿಯದವರಿಗಾಗಿ ಎರಡು ಮಾತು. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆ ನಾಲ್ಕು ಬಗೆಯ ಅಂಗವೈಕಲ್ಯಕ್ಕೆ ಮಾತ್ರ ಸಂಬಂಧಿಸಿದ್ದು: ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಂಗವೈಕಲ್ಯ, ಬಹುವಿಧ ಅಂಗವೈಕಲ್ಯ. ಮಕ್ಕಳಿಗೆ 18 ತುಂಬುವವರೆಗೆ ತಂದೆತಾಯಿಯೇ ಸಹಜ ಪಾಲಕರು. ತುಂಬಿದ ಮರುದಿನ ಬ್ಯಾಂಕಿನವರು “ಅವನೇ ಬಂದು ಸಹಿ ಹಾಕಲಿ” ಎನ್ನುತ್ತಾರೆ. ಅವನಿಗೆ ಪೆನ್ನು ಹಿಡಿಯಲು ಬರುವುದಿಲ್ಲ, ಸಹಿ ಎಂದರೇನು ಎಂಬುದೂ ತಿಳಿಯುವುದಿಲ್ಲ. ಆಗ ಕೋರ್ಟಿಗೆ ಅಲೆಯದೆ, ಜಿಲ್ಲೆಯಲ್ಲೇ ಪಾಲಕರನ್ನು ನೇಮಿಸಲು ಇರುವುದು ಈ ಸಮಿತಿ. ಅದರಲ್ಲಿ ಕುರ್ಚಿಗಳು ಮೂರೇ. ಮೊದಲನೆಯದು ಜಿಲ್ಲಾಧಿಕಾರಿಯ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿಗೆ. ಎರಡನೆಯದು ನ್ಯಾಷನಲ್ ಟ್ರಸ್ಟ್‌ನಲ್ಲಿ ನೋಂದಾಯಿತವಾದ ಸಂಸ್ಥೆಯ ಪ್ರತಿನಿಧಿಗೆ. ಮೂರನೆಯದು ಅಂಗವೈಕಲ್ಯವುಳ್ಳ ಒಬ್ಬ ವ್ಯಕ್ತಿಗೆ. ವೈದ್ಯರು, ವಕೀಲರು ಆಹ್ವಾನಿತರಾಗಿ ಬಂದು ಕೂರಬಹುದು. ನೇಮಕದ ಆದೇಶ ದೆಹಲಿಯ ಮಂಡಳಿಯಿಂದ ಬರಬೇಕು, ಹೆಸರು ಹೋಗಬೇಕಾದದ್ದು ಇಲ್ಲಿಂದ.

ನಾನು ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕಿ. ನನ್ನ ಮಗನಿಗೆ ಈಗ 27, ಬೌದ್ಧಿಕ ಅಂಗವೈಕಲ್ಯವಿದೆ. ನಮ್ಮಂಥ ಕೆಲವು ತಂದೆತಾಯಿಯರು ಸೇರಿ ಬಾಡಿಗೆ ಮನೆಯೊಂದರಲ್ಲಿ ಹಗಲು ಕೇಂದ್ರ ನಡೆಸುತ್ತೇವೆ. ಮಲೆನಾಡಿನ ಯಾವ ಜಿಲ್ಲೆ ಎಂದು ಹೇಳುವುದಿಲ್ಲ. ಮುಂದೆ ಬರುವ ಕುಟುಂಬಗಳ ವಿವರಗಳನ್ನೂ ಒಂದಿಷ್ಟು ಬದಲಿಸಿದ್ದೇನೆ.

ಸಮಿತಿಯನ್ನು ಮತ್ತೆ ಎಬ್ಬಿಸುವ ಕೆಲಸ ನಾನು ಅಂದುಕೊಂಡದ್ದಕ್ಕಿಂತ ಸರಳವಾಗಿತ್ತು, ಅಂದುಕೊಂಡದ್ದಕ್ಕಿಂತ ನಿಧಾನವಾಗಿಯೂ ಇತ್ತು. ಜಿಲ್ಲಾಧಿಕಾರಿಗಳಿಗೆ ಒಂದು ಪುಟದ ಮನವಿ ಬರೆದೆ. ಬಾಕಿ ಅರ್ಜಿಗಳ ಪಟ್ಟಿಯನ್ನು ಹಿಂದೆ ಲಗತ್ತಿಸಿ, ಪ್ರತಿ ಅರ್ಜಿಯ ಎದುರು ಅದು ಬಂದ ತಾರೀಕು ಹಾಕಿದೆ. ಟಪ್ಪಾಲಿನಲ್ಲಿ ಕೊಟ್ಟು ಸ್ವೀಕೃತಿಯ ಮೊಹರು ಹಾಕಿಸಿಕೊಂಡೆ. ಮನವಿ ಉದ್ದವಾದರೆ ಯಾರೂ ಓದುವುದಿಲ್ಲ, ತಾರೀಕುಗಳ ಸಾಲನ್ನು ಮಾತ್ರ ಎಲ್ಲರೂ ಓದುತ್ತಾರೆ. ವಾರದೊಳಗೆ ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿಗಳಿಗೆ ಹೆಸರು ಕಳಿಸುವಂತೆ ಟಿಪ್ಪಣಿ ಹೋಯಿತು. ಎರಡನೆಯ ಕುರ್ಚಿಗೆ ನಮ್ಮ ಸಂಸ್ಥೆ, ಅದರ ಪರವಾಗಿ ನಾನು ಎಂದಾಯಿತು. ಅಷ್ಟರಲ್ಲಿ ತಿಳಿಯಿತು, ಸಂಘದ ನೋಂದಣಿ ಜೀವಂತವಾಗಿದ್ದರೂ ನ್ಯಾಷನಲ್ ಟ್ರಸ್ಟ್‌ನ ನೋಂದಣಿ ನವೀಕರಣವಾಗಿರಲಿಲ್ಲ. ಅದಕ್ಕೆ ಎರಡು ತಿಂಗಳು ಹಿಡಿಯಿತು. ತಪ್ಪು ನಮ್ಮದೇ. ಸಮಿತಿ ಸತ್ತಿದೆ ಎಂದು ಕೂಗಾಡಿದ ನಾವೇ ಅರ್ಧ ಜೀವದಲ್ಲಿದ್ದೆವು.

ಉಳಿದದ್ದು ಮೂರನೆಯ ಕುರ್ಚಿ.

ಈ ಕುರ್ಚಿಯ ವಿಷಯದಲ್ಲಿ ಹಿಂದೊಮ್ಮೆ ಎಡವಿದವಳು ನಾನೇ. ಹಳೆಯ ಸಮಿತಿ ರಚನೆಯಾಗುವಾಗ “ಒಂದು ಹೆಸರು ಹೇಳಿ ಟೀಚರ್, ಇವತ್ತೇ ಕಳಿಸಬೇಕು” ಎಂದು ಕಚೇರಿಯಿಂದ ಫೋನು ಬಂದಿತ್ತು. ನಿಂತ ನಿಲುವಿನಲ್ಲೇ ಒಬ್ಬ ಮುಖಂಡರ ಹೆಸರು ಹೇಳಿದ್ದೆ. ಪೋಲಿಯೊದಿಂದ ಒಂದು ಕಾಲು ಸೋತವರು, ಒಳ್ಳೆಯ ಮಾತುಗಾರರು, ಯಾವ ಸಭೆಗಾದರೂ ಒಪ್ಪುವವರು. ಕಾಯ್ದೆಯ ಪ್ರಕಾರ ಶೇ 40ಕ್ಕೆ ಕಡಿಮೆಯಿಲ್ಲದ ಅಂಗವೈಕಲ್ಯದ ಪ್ರಮಾಣಪತ್ರವಿದ್ದರೆ ಸಾಕು, ಅದು ಅವರಲ್ಲಿತ್ತು. ಆದರೆ ಮೂರು ವರ್ಷದಲ್ಲಿ ಅವರು ಅರ್ಜಿಯ ಕೇಂದ್ರದಲ್ಲಿದ್ದ ಒಬ್ಬ ಹುಡುಗನನ್ನೂ ಮಾತನಾಡಿಸಲಿಲ್ಲ ಎಂದು, ಅರ್ಜಿದಾರರ ಜೊತೆ ಆಗಾಗ ಹೋಗುತ್ತಿದ್ದ ನನಗೆ ಗೊತ್ತು. ಅವರು ಕೆಟ್ಟವರಲ್ಲ. ಬಸ್ ಪಾಸು, ಪಿಂಚಣಿ, ಮೀಸಲಾತಿ ಎಂದರೆ ಅವರ ಕಣ್ಣು ಹೊಳೆಯುತ್ತಿತ್ತು. ಮಾತು ಬಾರದ ಮಕ್ಕಳ ಎದುರು ಮಾತ್ರ ಎಲ್ಲರಂತೆ ಅವರೂ ಮುಜುಗರಪಟ್ಟು ತಾಯಿಯ ಕಡೆ ನೋಡುತ್ತಿದ್ದರು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಡಿ ರಾಜ್ಯ ಸಲಹಾ ಮಂಡಳಿಯಲ್ಲಿ ಸಂಘಸಂಸ್ಥೆಗಳ ಪರವಾಗಿ ಹತ್ತು ಜನರಿರುತ್ತಾರೆ, ಅವರಲ್ಲಿ ಐವರಾದರೂ ಮಹಿಳೆಯರಿರಬೇಕು. ಅಲ್ಲಿ ಒಬ್ಬರು ಸುಮ್ಮನಿದ್ದರೂ ಇನ್ನೊಬ್ಬರು ಮಾತಾಡಿಯಾರು. ನಮ್ಮದು ಒಂದೇ ಕುರ್ಚಿ.

ಈ ಸಲ ಹೆಸರು ಹೇಳಲು ಒಂದು ತಿಂಗಳು ಕಾಲಾವಕಾಶ ಕೇಳಿದೆ. ಗ್ರಾಮ ಪಂಚಾಯಿತಿಗಳಲ್ಲಿ ಪುನರ್ವಸತಿ ಕಾರ್ಯಕರ್ತರಿರುತ್ತಾರಲ್ಲ, ವಿಆರ್‌ಡಬ್ಲ್ಯೂ ಎಂದೇ ಎಲ್ಲರೂ ಕರೆಯುವುದು, ಅವರಿಗೆ ಫೋನು ಮಾಡಿದೆ. ಯಾರ ಮನೆಯಲ್ಲಿ ಯಾರಿದ್ದಾರೆ ಎಂಬುದು ಅವರಷ್ಟು ಯಾವ ಕಚೇರಿಗೂ ಗೊತ್ತಿರುವುದಿಲ್ಲ. ಒಂಬತ್ತು ಹೆಸರು ಸಿಕ್ಕವು, ಐವರ ಮನೆಗೆ ಹೋದೆ. ಬೌದ್ಧಿಕ ಅಂಗವೈಕಲ್ಯವಿದ್ದ ಒಬ್ಬ ಯುವಕ ನನ್ನ ಮನಸ್ಸಿನಲ್ಲಿದ್ದ. ಹಾಲಿನ ಡೇರಿಯಲ್ಲಿ ಕ್ಯಾನು ತೊಳೆಯುವ ಕೆಲಸ, ಊರಿನ ಎಲ್ಲರ ಹೆಸರೂ ಬಾಯಲ್ಲಿ. ಅವನ ಅಪ್ಪ “ಬೇಡಮ್ಮಾ, ದೊಡ್ಡವರ ನಡುವೆ ಕೂರಿಸಿ ನಗೆಪಾಟಲು ಮಾಡಬೇಡಿ” ಎಂದರು. ಕಾಯ್ದೆ ಅವನನ್ನು ತಡೆಯುತ್ತಿರಲಿಲ್ಲ. ಒಬ್ಬ ಜೊತೆಗಾರನನ್ನು ಕೊಟ್ಟು, ಕಾಗದಗಳನ್ನು ಅವನಿಗೆ ತಿಳಿಯುವ ಹಾಗೆ ಬಿಡಿಸಿ ಹೇಳಿದ್ದರೆ ಅವನು ಕೂರಬಲ್ಲವನಾಗಿದ್ದ. ನಾನು ಅಪ್ಪನ ಮಾತನ್ನು ಒಂದೇ ಸಲಕ್ಕೆ ಒಪ್ಪಿ ಎದ್ದು ಬಂದೆ. ಅದು ಇನ್ನೂ ಚುಚ್ಚುತ್ತದೆ.

ಕೊನೆಗೆ ಒಪ್ಪಿದವನು ತಾಲ್ಲೂಕು ಕೇಂದ್ರದಲ್ಲಿ ಟೈಪಿಂಗ್, ಜೆರಾಕ್ಸ್ ಅಂಗಡಿ ಇಟ್ಟಿರುವ 29ರ ಹುಡುಗ. ಸೆರೆಬ್ರಲ್ ಪಾಲ್ಸಿ. ಬಲಗೈಯ ಎರಡು ಬೆರಳಲ್ಲಿ ಕೀಲಿಮಣೆ ಒತ್ತುತ್ತಾನೆ. ಒಂದು ವಾಕ್ಯ ಮುಗಿಸಲು ನಾವು ಮೂರು ವಾಕ್ಯ ಆಡುವಷ್ಟು ಹೊತ್ತು ಬೇಕು, ಮೊದಲ ಸಲ ಕೇಳಿದವರಿಗೆ ಅರ್ಧ ತಿಳಿಯುವುದಿಲ್ಲ. ನನ್ನ ವಿಷಯ ಕೇಳಿಸಿಕೊಂಡು ಅವನು ಆಡಿದ ಮೊದಲ ಮಾತು, “ಸಭೆ ಯಾವ ಮಹಡಿಯಲ್ಲಿ?”

ಹೆಸರು ಕಳಿಸಿದಾಗ ಕಚೇರಿಯಿಂದ ಬಂದ ತಕರಾರು ವಿಚಿತ್ರವಾಗಿತ್ತು. ಪಟ್ಟಿಯಲ್ಲಿ ಇವರದು ಯಾವ ವಿಭಾಗ ಎಂದರು. ಮೂರನೆಯ ಸದಸ್ಯನ ವ್ಯಾಖ್ಯೆಯನ್ನು ನ್ಯಾಷನಲ್ ಟ್ರಸ್ಟ್ ಕಾಯ್ದೆ 1995ರ ಅಂಗವಿಕಲರ ಕಾಯ್ದೆಯಿಂದ ಎರವಲು ಪಡೆದಿದೆ. ಆ ಹಳೆಯ ಕಾಯ್ದೆಯಲ್ಲಿ ಸೆರೆಬ್ರಲ್ ಪಾಲ್ಸಿಯನ್ನು ಚಲನ ವೈಕಲ್ಯದೊಳಗೇ ಸೇರಿಸಿದ್ದರು. ಆ ಸಾಲಿಗೆ ಪೆನ್ಸಿಲ್ಲಿನ ಗೆರೆ ಎಳೆದು ಕೊಟ್ಟ ಮೇಲೆ ತಕರಾರು ಮುಗಿಯಿತು. ನಿಜವಾದ ತಕರಾರು ಆಮೇಲೆ ಹೊರಬಂತು, ಅದೂ ಕಾರಿಡಾರಿನಲ್ಲಿ: “ಮಾತು ತಡ ಆಗುತ್ತದೆ ಮೇಡಂ, ಸಾಹೇಬರಿಗೆ ಹನ್ನೆರಡಕ್ಕೆ ಇನ್ನೊಂದು ಮೀಟಿಂಗ್ ಇರುತ್ತದೆ.” ನಾನು ಜಿಲ್ಲಾಧಿಕಾರಿಗಳನ್ನೇ ಕಂಡೆ. ವಯಸ್ಸಿನಲ್ಲಿ ನನ್ನ ಮಗಳಷ್ಟಿದ್ದವರು. ಅವರು ಕೇಳಿದ್ದು ಒಂದೇ: “ಅವರಿಗೆ ಏನೇನು ಬೇಕಾಗುತ್ತದೆ?” ನಾನು ಬರೆದುಕೊಂಡೇ ಹೋಗಿದ್ದೆ. ನೆಲಮಹಡಿಯ ಕೋಣೆ. ಅರ್ಜಿಗಳ ಸಾರಾಂಶ ಕನ್ನಡದಲ್ಲಿ, ಐದು ದಿನ ಮುಂಚೆ. ಒಂದು ಸಭೆಗೆ ನಾಲ್ಕಕ್ಕಿಂತ ಹೆಚ್ಚು ಅರ್ಜಿ ಬೇಡ. ಅವನು ಮಾತಾಡುವಾಗ ವಾಕ್ಯವನ್ನು ಬೇರೆಯವರು ಪೂರ್ತಿ ಮಾಡಬಾರದು. ಕೊನೆಯದನ್ನು ಓದಿ ಅವರು ನಕ್ಕರು, “ಇದು ನನಗೇ ಕಷ್ಟ” ಎಂದರು. ಆದೇಶ ಬರಲು ಆಮೇಲೆ ನಾಲ್ಕು ತಿಂಗಳಾಯಿತು.

ಬಸ್ಸಿನ ಖರ್ಚಿನ ಗೋಜು ಇರಲಿಲ್ಲ. ರಿಯಾಯಿತಿ ಪಾಸು ಮನೆಯಿಂದ 100 ಕಿಲೋಮೀಟರ್‌ವರೆಗೆ ನಡೆಯುತ್ತದೆ, ಜಿಲ್ಲಾ ಕೇಂದ್ರ ಅದರೊಳಗೇ ಇತ್ತು. ಬಸ್ ನಿಲ್ದಾಣದಿಂದ ಕಚೇರಿಗೆ ಆಟೋ ಮಾತ್ರ ಅವನ ಜೇಬಿನದು. ಆ ಆಟೋದ ಅರವತ್ತು ರೂಪಾಯಿಗೆ ಅವನು ಮೂರು ಸಭೆಗಳಲ್ಲಿ ಜಗಳ ತೆಗೆದು ಗೆದ್ದ.

ಮೊದಲ ಸಭೆಯ ಎರಡನೆಯ ಅರ್ಜಿ 23 ವರ್ಷದ ಹುಡುಗಿಯದು. ಅಪ್ಪ ಮೊದಲೇ ಹೋಗಿದ್ದರು, ತಾಯಿ ಹಿಂದಿನ ವರ್ಷ. ಒಂದು ಎಕರೆ ಚಿಲ್ಲರೆ ಅಡಿಕೆ ತೋಟ ಇನ್ನೂ ಅಪ್ಪನ ಹೆಸರಿನಲ್ಲೇ ಇತ್ತು. ಅರ್ಜಿ ಹಾಕಿದವರು ಚಿಕ್ಕಪ್ಪ. ಹೆಣ್ಣುಮಗಳ ಪಾಲಕತ್ವವನ್ನು ಒಂಟಿ ಗಂಡಸಿಗೆ ಕೊಡುವಂತಿಲ್ಲವಾದ್ದರಿಂದ ಚಿಕ್ಕಮ್ಮನ ಹೆಸರೂ ಜೊತೆಗಿತ್ತು. ಕಾಗದ ಎಲ್ಲವೂ ಸರಿ. ಜಿಲ್ಲಾಧಿಕಾರಿಗಳು ಹುಡುಗಿಯನ್ನು ಕೇಳಿದರು: “ಚಿಕ್ಕಪ್ಪ ನಿನ್ನನ್ನು ಚೆನ್ನಾಗಿ ನೋಡಿಕೊಳ್ಳುತ್ತಾರಾ ಪುಟ್ಟಾ?” ತಲೆಯಾಡಿಸಿದಳು. ನಾನು ಕೇಳಿದೆ, “ಅವರ ಜೊತೆ ಇರುತ್ತೀಯಾ?” ಅದಕ್ಕೂ ತಲೆಯಾಡಿಸಿದಳು. ಇಪ್ಪತ್ತು ವರ್ಷ ಇಂಥ ಮಕ್ಕಳ ಜೊತೆಯೇ ಇದ್ದ ನನಗೆ ಗೊತ್ತಿರಬೇಕಿತ್ತು, ಹೌದೇ ಎಂದು ಕೇಳಿದ ಪ್ರಶ್ನೆಗೆಲ್ಲ ಅವರು ಹೌದೆನ್ನುತ್ತಾರೆ.

ಅವನು ಕುರ್ಚಿಯನ್ನು ಸ್ವಲ್ಪ ಎಳೆದುಕೊಂಡ. “ಬೆ... ಬೆಳಿಗ್ಗೆ... ಕಾಫಿ... ಯಾರು ಕೊಡುತ್ತಾರೆ?”

ಮಾತು ಮುಗಿಯುವವರೆಗೆ ಆ ಹುಡುಗಿ ಅವನ ಬಾಯನ್ನೇ ನೋಡುತ್ತ ಕಾದಳು. ಅವಸರವಿಲ್ಲದ ಮಾತು ಅವಳಿಗೆ ಹಿತವಾಗಿತ್ತೋ ಏನೋ. “ಅತ್ತೆ,” ಎಂದಳು. ಯಾವ ಅತ್ತೆ? ಅರ್ಜಿಯಲ್ಲಿ ಅತ್ತೆಯೇ ಇರಲಿಲ್ಲ. ತಲೆ ಬಾಚುವವರು? ಅತ್ತೆ. ರಾತ್ರಿ ಮಲಗುವುದು? ಅತ್ತೆಯ ಮನೆ. ಚಿಕ್ಕಪ್ಪ ಗೋಡೆಯ ಕ್ಯಾಲೆಂಡರಿನ ಕಡೆ ತಿರುಗಿದ್ದರು. ಅರ್ಜಿಯನ್ನು ಮುಂದೂಡಿ ಸ್ಥಳ ಪರಿಶೀಲನೆಗೆ ಕಳಿಸಿದೆವು. ಅಪ್ಪನ ಅಕ್ಕ, ಪಕ್ಕದ ಓಣಿ, ತಾಯಿ ತೀರಿದಂದಿನಿಂದ ಹುಡುಗಿ ಅಲ್ಲೇ ಇದ್ದಳು. ಮುಂದಿನ ಸಭೆಯಲ್ಲಿ ಪಾಲಕತ್ವ ಅತ್ತೆಗಾಯಿತು. ಆಸ್ತಿಯ ವಿವರವನ್ನು ಆರು ತಿಂಗಳೊಳಗೆ ಒಪ್ಪಿಸಬೇಕು, ಪ್ರತಿ ಹಣಕಾಸು ವರ್ಷ ಮುಗಿದ ಮೂರು ತಿಂಗಳೊಳಗೆ ಲೆಕ್ಕ ಕೊಡಬೇಕು ಎಂದು ಅವರಿಗೆ ಎರಡು ಸಲ ಬಿಡಿಸಿ ಹೇಳಿದೆವು. ಚಿಕ್ಕಪ್ಪ ಅತ್ತೆಯ ಜೊತೆ ಮಾತು ಬಿಟ್ಟಿದ್ದಾರಂತೆ.

ಇದನ್ನು ಓದಿ ಅವನೊಬ್ಬ ಸಂತ ಎಂದುಕೊಳ್ಳಬೇಡಿ. ಅವನಿಂದ ಒಂದು ಕುಟುಂಬಕ್ಕೆ ತೊಂದರೆಯೂ ಆಗಿದೆ. ಎಲ್ಲ ತೀರ್ಮಾನವನ್ನೂ ಪಾಲಕರಿಗೇ ಒಪ್ಪಿಸುವ ಪೂರ್ಣ ಪಾಲಕತ್ವ ಎಂಬುದೇ ತಪ್ಪು ಎನ್ನುವ ಹಟ ಅವನದು. ಭಾರತ 2007ರಲ್ಲಿ ಅನುಮೋದಿಸಿದ, ವಿಕಲಚೇತನರ ಹಕ್ಕುಗಳ ಕುರಿತ ವಿಶ್ವಸಂಸ್ಥೆಯ ಒಡಂಬಡಿಕೆಯಲ್ಲಿ ಕಾನೂನಿನ ಮುಂದೆ ಅವರೂ ಎಲ್ಲರಿಗೆ ಸಮಾನರು ಎನ್ನುವ 12ನೆಯ ವಿಧಿ, ವ್ಯಕ್ತಿಯ ಜೊತೆ ಸೇರಿಯೇ ತೀರ್ಮಾನ ಮಾಡಬೇಕೆಂದು 2016ರ ಕಾಯ್ದೆಯಲ್ಲಿ ಬಂದ ಸೀಮಿತ ಪಾಲಕತ್ವ, ಎಲ್ಲವನ್ನೂ ಜೆರಾಕ್ಸ್ ಮಾಡಿ ತರುತ್ತಾನೆ. ವಾದದಲ್ಲಿ ಹುರುಳಿದೆ, ಎರಡು ಕಾಯ್ದೆಗಳು ಎರಡು ದಿಕ್ಕಿಗೆ ಎಳೆಯುವುದು ನಿಜ. ಆದರೆ ಎದುರಿಗಿದ್ದದ್ದು ಎಪ್ಪತ್ತರ ವಿಧವೆ ತಾಯಿ, ಹಾಸಿಗೆಯಲ್ಲೇ ಇರುವ ಮಗ, ಬ್ಯಾಂಕಿನಲ್ಲಿ ಸಿಕ್ಕಿಕೊಂಡ ಪಿಂಚಣಿ ಹಣ. ಅವನು ಅಸಮ್ಮತಿ ಬರೆದ. ಒಮ್ಮತವಿಲ್ಲದೆ ಆದೇಶ ಹೊರಡಿಸಲು ಜಿಲ್ಲಾಧಿಕಾರಿಗಳಿಗೆ ಮನಸ್ಸಾಗಲಿಲ್ಲ. ಮೂರು ತಿಂಗಳು ಹೋಯಿತು. ನಾನು ಅವನ ಅಂಗಡಿಗೇ ಹೋಗಿ ಬೈದೆ. ಗಿರಾಕಿಗಳ ಎದುರಿಗೇ ಬೈದದ್ದು ತಪ್ಪು. “ನಿಮ್ಮ ಮಗನಿಗೂ ಹೀಗೆಯೇ ಮಾಡುತ್ತೀರಾ ಟೀಚರ್?” ಎಂದು ಕೇಳಿದ. ನನಗೆ ಉತ್ತರ ಹೊಳೆಯಲಿಲ್ಲ. ಮರುವಾರ ಹೇಳದೆ ಕೇಳದೆ ಆ ತಾಯಿಯ ಮನೆಗೆ ಹೋಗಿ, ಒಂದು ಮಧ್ಯಾಹ್ನ ಇದ್ದು ಬಂದು ಸಹಿ ಹಾಕಿದ. ತಪ್ಪಾಯಿತು ಎಂದು ಅವನೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ಆ ಬ್ಯಾಂಕಿನವರು ಪಾಲಕತ್ವದ ಪ್ರಮಾಣಪತ್ರವನ್ನೂ ಮೊದಲು ಒಪ್ಪಲಿಲ್ಲ. ಈ ಸಮಿತಿ ಕೊಟ್ಟ ಪತ್ರವನ್ನು ಮಾನ್ಯ ಮಾಡಿ ಎಂದು ರಿಸರ್ವ್ ಬ್ಯಾಂಕ್ 2007ರಲ್ಲೇ ಸುತ್ತೋಲೆ ಕಳಿಸಿತ್ತು. ಅದರ ಪ್ರತಿಯನ್ನು ಈಗ ನಾವು ಪ್ರತಿ ಆದೇಶಕ್ಕೂ ಪಿನ್ ಮಾಡಿಯೇ ಕೊಡುತ್ತೇವೆ. ಜೆರಾಕ್ಸ್ ಅವನದೇ, ಉಚಿತ.

ಹಾಗೆಂದು ನನ್ನ ಮಗನ ಅರ್ಜಿ ಬಾರದೆ ಇರುತ್ತದೆಯೇ? ನನ್ನ ಯಜಮಾನರಿಗೆ ಹೃದಯದ ಶಸ್ತ್ರಚಿಕಿತ್ಸೆಯಾದ ಮೇಲೆ ತಡ ಮಾಡಬಾರದು ಅನ್ನಿಸಿತು. ಸದಸ್ಯೆಯೇ ಅರ್ಜಿದಾರಳಾದರೆ ಏನು ಮಾಡಬೇಕು ಎಂದು ಕಲ್ಯಾಣಾಧಿಕಾರಿಗಳನ್ನು ಕೇಳಿದಾಗ “ಏನೂ ಆಗುವುದಿಲ್ಲ ಬಿಡಿ ಮೇಡಂ, ನೀವೇ ತಾನೆ” ಎಂದರು. ಆ “ನೀವೇ ತಾನೆ” ಎಂಬ ಮಾತಿಗೇ ನಾನು ಹೆದರಿದ್ದು. ಆ ಅರ್ಜಿಯ ಚರ್ಚೆಯಲ್ಲಿ ನಾನಿರುವುದಿಲ್ಲ ಎಂದು ಬರೆದುಕೊಟ್ಟು, ನಡವಳಿಯಲ್ಲಿ ಅದನ್ನು ದಾಖಲಿಸಿಕೊಳ್ಳಲು ಕೇಳಿ, ಹೊರಗೆ ಬಂದು ಕಾರಿಡಾರಿನಲ್ಲಿ ಕುಳಿತೆ. ಅಲ್ಲಿ ಬೆಂಚು ಒಂದೇ, ಅದರ ಒಂದು ಕಾಲು ಕುಂಟು. ಅಷ್ಟು ತಿಂಗಳು ಒಳಗೆ ಕೂತಿದ್ದ ನಾನು ಅದನ್ನು ನೋಡಿಯೇ ಇರಲಿಲ್ಲ. ಮಗನನ್ನು ಅವರಪ್ಪ ಒಳಗೆ ಕರೆದುಕೊಂಡು ಹೋದರು. ಇಪ್ಪತ್ತೈದು ನಿಮಿಷವಾಯಿತು.

ಹೊರಗೆ ಬಂದ ಮಗನ ಕೈಯಲ್ಲಿ ಅರ್ಧ ಪ್ಯಾಕೆಟ್ ಬಿಸ್ಕತ್ತು ಇತ್ತು. ಏನು ಕೇಳಿದರು ಎಂದರೆ ಅವನು ಬಾಯಿ ಬಿಡಲಿಲ್ಲ. ಟೈಪಿಂಗ್ ಅಂಗಡಿಯ ಹುಡುಗನಂತೂ “ಸಭೆಯ ವಿಷಯ ಹೊರಗಿನವರಿಗೆ ಹೇಳುವಂತಿಲ್ಲ” ಎಂದುಬಿಟ್ಟ. ಮಾರನೆಯ ವಾರ ನಡವಳಿಯ ಪ್ರತಿ ಬಂತು. ತಂದೆತಾಯಿಯನ್ನು ಪಾಲಕರೆಂದು ನೇಮಿಸಿದೆ ಎಂಬ ಎಂದಿನ ಒಕ್ಕಣೆಯ ಮೇಲೆ, ಸಂಬಂಧಪಟ್ಟ ವ್ಯಕ್ತಿಯ ಅಭಿಪ್ರಾಯ ಎಂಬ ಹೊಸ ಸಾಲೊಂದಿತ್ತು: “ಅಪ್ಪ ಅಮ್ಮ ಸಾಕು. ಟಿವಿಯ ರಿಮೋಟ್ ನನ್ನ ಹತ್ತಿರವೇ ಇರಬೇಕು.” ಇಂಥದ್ದನ್ನು ಸರ್ಕಾರಿ ಕಾಗದದಲ್ಲಿ ಇಡುವುದೋ ಬಿಡುವುದೋ ಎಂದು ವಿಷಯ ನಿರ್ವಾಹಕರು ಎರಡು ಸಲ ಕೇಳಿದರಂತೆ. ಅದನ್ನು ತೆಗೆದರೆ ಸಹಿ ಹಾಕುವುದಿಲ್ಲ ಎಂದು ಮೂರನೆಯ ಸದಸ್ಯರು ಹೇಳಿದರಂತೆ. ಮುಂದಿನ ಸಭೆಯಿಂದ ಆ ಸಾಲು ಎಲ್ಲ ಅರ್ಜಿಗಳಲ್ಲೂ ಬರುತ್ತಿದೆ. ರಿಮೋಟ್ ಅವನ ಹತ್ತಿರವೇ ಇದೆ.