ಥ್ಯಾಂಕ್ಸ್‌ಗಿವಿಂಗ್ ಯಾವ ವರ್ಷ ಯಾವ ತಾರೀಕು? ಲೆಕ್ಕ ಹಾಕುವ ಬಗೆ

ಅಮೆರಿಕದ ಹಳೆಯ ಪತ್ರವೊಂದರ ಮೇಲೆ ‘ಥ್ಯಾಂಕ್ಸ್‌ಗಿವಿಂಗ್ (ಅಲ್ಲಿನ ಕೃತಜ್ಞತೆಯ ಹಬ್ಬ), 1940’ ಎಂದಷ್ಟೇ ಇದ್ದರೆ ತಾರೀಕು ಹೇಳಲು ಕ್ಯಾಲೆಂಡರ್ ಒಂದೇ ಸಾಲದು. ಆ ವರ್ಷಕ್ಕೆ ಯಾವ ನಿಯಮ ಇತ್ತು ಎಂಬುದನ್ನು ಮೊದಲು ನೋಡಬೇಕು.

1942ರಿಂದ ಈಚೆಗಾದರೆ ಸುಲಭ: ನವೆಂಬರ್ ತಿಂಗಳ ನಾಲ್ಕನೇ ಗುರುವಾರ. ನವೆಂಬರ್ 1 ಶುಕ್ರವಾರ ಬಂದರೆ ಹಬ್ಬ 28ಕ್ಕೆ. ಶನಿವಾರವಾದರೆ 27, ಭಾನುವಾರವಾದರೆ 26. ಹೀಗೆ ಒಂದೊಂದೇ ಇಳಿಯುತ್ತಾ ಗುರುವಾರಕ್ಕೆ 22. ಉತ್ತರ 22ರಿಂದ 28ರ ಆಚೀಚೆ ಹೋದರೆ ಲೆಕ್ಕ ತಪ್ಪಿದೆ.

1863ರಿಂದ 1938ರವರೆಗೆ ನವೆಂಬರ್‌ನ ಕೊನೆಯ ಗುರುವಾರ ಹಿಡಿಯಿರಿ. ಪತ್ರಿಕಾ ಸಂಪಾದಕಿ ಸಾರಾ ಜೋಸೆಫಾ ಹೇಲ್ ವರ್ಷಗಟ್ಟಲೆ ಒತ್ತಾಯಿಸಿದ ಮೇಲೆ, ಅಂತರ್ಯುದ್ಧದ ನಡುವೆ ಅಧ್ಯಕ್ಷ ಲಿಂಕನ್ 1863ರ ಅಕ್ಟೋಬರ್ 3ರಂದು ಈ ದಿನವನ್ನು ಘೋಷಿಸಿದರು. ಆದರೆ ಅದು ಕಾನೂನಲ್ಲ. ಪ್ರತಿ ವರ್ಷವೂ ಅಧ್ಯಕ್ಷರು ಹೊಸದಾಗಿ ಘೋಷಿಸಬೇಕಿತ್ತು. 1870ರ ಕಾಯ್ದೆ ರಾಜಧಾನಿ ವಾಷಿಂಗ್ಟನ್ ಡಿ.ಸಿ.ಯಲ್ಲಿ ರಜೆ ಕೊಟ್ಟಿತೇ ಹೊರತು ದಿನವನ್ನು ಅಧ್ಯಕ್ಷರಿಗೇ ಬಿಟ್ಟಿತು. ದಿನ ಅಧ್ಯಕ್ಷರ ಕೈಯಲ್ಲಿದ್ದುದರಿಂದಲೇ 1865ರಲ್ಲಿ ಡಿಸೆಂಬರ್ 7, 1869ರಲ್ಲಿ ನವೆಂಬರ್ 18. ಇವೆರಡನ್ನು ಬೇರೆಯೇ ಬರೆದಿಟ್ಟುಕೊಳ್ಳಿ.

ತೊಡಕಿರುವುದು 1939–41ರಲ್ಲಿ. 1939ರ ಕೊನೆಯ ಗುರುವಾರ 30ಕ್ಕೆ ಬಿತ್ತು. ಕ್ರಿಸ್‌ಮಸ್ ವ್ಯಾಪಾರಕ್ಕೆ ದಿನ ಸಾಲದೆಂದು ಅಂಗಡಿಕಾರರು ಕೇಳಿಕೊಂಡಾಗ ಅಧ್ಯಕ್ಷ ರೂಸ್‌ವೆಲ್ಟ್ 23ಕ್ಕೆ ತಂದರು. ಸುಮಾರು ಅರ್ಧದಷ್ಟು ರಾಜ್ಯಗಳು ಒಪ್ಪಲಿಲ್ಲ. ಟೆಕ್ಸಾಸ್, ಕೊಲರಾಡೊ ಎರಡೂ ದಿನ ರಜೆ ಕೊಟ್ಟವು! ಇಲ್ಲಿ ಹೆಚ್ಚಿನವರು ಎಡವುವುದು ರೂಸ್‌ವೆಲ್ಟ್‌ರ ದಿನವನ್ನು ನಾಲ್ಕನೇ ಗುರುವಾರ ಎಂದುಕೊಂಡು. ಅದು ಕೊನೆಯದಕ್ಕಿಂತ ಹಿಂದಿನ ಗುರುವಾರ. 1940ರಲ್ಲಿ 21, 1941ರಲ್ಲಿ 20, ಎರಡೂ ಮೂರನೇ ಗುರುವಾರಗಳು. ಪತ್ರ ಯಾವ ರಾಜ್ಯದ್ದೆಂದು ಗೊತ್ತಿಲ್ಲದೆ ಈ ಮೂರು ವರ್ಷಗಳಿಗೆ ಒಂದೇ ತಾರೀಕು ಬರೆಯಬೇಡಿ.

1941ರ ಡಿಸೆಂಬರ್ 26ರಂದು ಸಹಿಯಾದ ಕಾನೂನು ಗೊಂದಲಕ್ಕೆ ತೆರೆ ಎಳೆಯಿತು, ಆದರೆ ಪೂರ್ತಿಯಾಗಿ ಅಲ್ಲ. ಮಸೂದೆಯಲ್ಲಿದ್ದ ‘ಕೊನೆಯ’ ಎಂಬುದನ್ನು ಸಂಸತ್ತಿನ ಮೇಲ್ಮನೆಯಾದ ಸೆನೆಟ್ ‘ನಾಲ್ಕನೇ’ ಎಂದು ತಿದ್ದಿತು. ನವೆಂಬರ್ 1 ಬುಧವಾರ ಅಥವಾ ಗುರುವಾರ ಬಂದ ವರ್ಷ ಐದು ಗುರುವಾರಗಳಿರುತ್ತವೆ. ಆಗ ಮಾತ್ರ ಎರಡೂ ಬೇರೆಯಾಗುತ್ತವೆ. ಕೇಂದ್ರದ ಕಾನೂನು ರಾಜ್ಯಗಳ ರಜೆಯನ್ನು ಕಟ್ಟಿಹಾಕುವುದಿಲ್ಲವಾದ್ದರಿಂದ ಟೆಕ್ಸಾಸ್ 1956ರವರೆಗೂ ಕೊನೆಯ ಗುರುವಾರವನ್ನು ಬಿಡಲಿಲ್ಲ.

1863ಕ್ಕಿಂತ ಹಿಂದಿನ ವರ್ಷಗಳಿಗೆ ಯಾವ ಸೂತ್ರವೂ ಇಲ್ಲ. ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ 1789ರ ನವೆಂಬರ್ 26ನ್ನು ಘೋಷಿಸಿದರು, ಅಧ್ಯಕ್ಷ ಜೆಫರ್ಸನ್ ಘೋಷಿಸಲೇ ಇಲ್ಲ. ಆ ಕಾಲದ ತಾರೀಕಿಗೆ ಆಯಾ ರಾಜ್ಯದ ಗವರ್ನರ್ ಘೋಷಣೆಯನ್ನೇ ಹುಡುಕಿ.