ಸೀಜ್ ಆದ ವೈಝಡ್ 125: ಬೋರ್ ಹೊಡೆಸದೆ ಬ್ಲಾಕ್ ಉಳಿಸಿದ್ದು

ಸೀಜ್ ಆಗಿ, ಅಂದರೆ ಪಿಸ್ಟನ್ ಸಿಲಿಂಡರಿನೊಳಗೆ ಹಿಡಿದುಕೊಂಡು, ಮಲಗಿದ್ದ 2008ರ ಯಮಹಾ ವೈಝಡ್ 125, ಟೂ-ಸ್ಟ್ರೋಕ್ ಮೋಟೋಕ್ರಾಸ್ ಬೈಕು. ಬ್ಲಾಕ್ (ಸಿಲಿಂಡರ್) ತೋರಿಸಿದ ಕಡೆಯೆಲ್ಲ ಒಂದೇ ಮಾತು: "ಬೋರ್ ಹೋಗಿದೆ, ಸ್ಲೀವ್ ಹಾಕ್ಸಿ." ಆರ್‌ಎಕ್ಸ್ 100 ಆಗಿದ್ದರೆ ಸರಿ. ಅದರ ಬೋರ್, ಅಂದರೆ ಪಿಸ್ಟನ್ ಓಡಾಡೋ ಕೊಳವೆ, ಎರಕದ ಕಬ್ಬಿಣದ ಸ್ಲೀವ್; ಸವೆದಂತೆಲ್ಲ 0.25, 0.50 ಮಿಲಿಮೀಟರ್ ಅಂತ ಹೊಡೆಸಿ ಅಗಲ ಮಾಡಿಸ್ತಾ ಹೋಗಬಹುದು. ಇದು ಅಲ್ಯೂಮಿನಿಯಂ ಬ್ಲಾಕು, ಒಳಗೆ ಕೂದಲೆಳೆ ದಪ್ಪದ ನಿಕಾಸಿಲ್ (ನಿಕ್ಕಲ್, ಸಿಲಿಕಾನ್ ಕಾರ್ಬೈಡ್ ಸೇರಿದ ಗಟ್ಟಿ) ಲೇಪ. ಬೋರ್ ಹೊಡೆಯೋ ಟೂಲ್ ಇಟ್ಟರೆ ಅದೇ ಮೊದಲು ಹೋಗೋದು. ಸ್ಲೀವಿಗೆ ನಾಲ್ಕೈದು ಸಾವಿರ. ಹೊರಗೆ ಕಳಿಸಿ ಲೇಪ ಮತ್ತೆ ಹಾಕಿಸಿದರೆ 14 ಸಾವಿರದ ಹತ್ತಿರ, ಮೇಲೆ ಒಂದೂವರೆ ತಿಂಗಳು. ನನಗೆ ಆಗಿದ್ದು 40 ರೂಪಾಯಿ ಆ್ಯಸಿಡ್ಡು.

ಬೋರ್‌ನಲ್ಲಿ ಗೀರಿನ ಹಾಗೆ ಕಾಣೋದು ಬಹಳ ಸಲ ಗೀರಲ್ಲ, ಕರಗಿ ಅಂಟಿಕೊಂಡ ಪಿಸ್ಟನ್ನಿನ ಅಲ್ಯೂಮಿನಿಯಂ. ಹೈಡ್ರೋಕ್ಲೋರಿಕ್ ಆ್ಯಸಿಡ್ ಅದನ್ನು ತಿನ್ನುತ್ತೆ, ನಿಕಾಸಿಲ್ ತಂಟೆಗೆ ಹೋಗಲ್ಲ. ಮೊದಲ ಸಲ ಸುರಿದುಬಿಟ್ಟೆ. ಎಕ್ಸಾಸ್ಟ್ ಪೋರ್ಟಿಗೆ (ಹೊಗೆ ಹೊರಹೋಗೋ ಕಿಂಡಿಗೆ) ಇಳಿದು ಅಲ್ಲಿನ ಬರಿ ಅಲ್ಯೂಮಿನಿಯಂ ಅಂಚನ್ನು ಕಚ್ಚಿತು. ಆಮೇಲೆ ಪೋರ್ಟುಗಳಿಗೆಲ್ಲ ದಪ್ಪಗೆ ಗ್ರೀಸ್ ಮೆತ್ತಿ, ಬ್ಲಾಕನ್ನು ಅಡ್ಡ ಮಲಗಿಸಿ, ಕಿವಿ ಬಡ್ಸ್‌ನಲ್ಲಿ ಅದ್ದಿ ಕಲೆಯ ಮೇಲಷ್ಟೇ ಒತ್ತಿದೆ. ಬುರುಬುರು ನೊರೆ ಏಳುತ್ತೆ, ಬೂದು ನೀರಾಗುತ್ತೆ. ಒರೆಸಿ ಮತ್ತೆ ಒತ್ತು. ನೊರೆ ನಿಂತರೆ ಅಲ್ಯೂಮಿನಿಯಂ ಮುಗಿದು ಲೇಪ ಸಿಕ್ಕಿತು ಅಂತ. ಒಂದೇ ಚುಕ್ಕೆಯಲ್ಲಿ ನಿಲ್ಲದೆ ನೊರೆ ಬರ್ತಿದ್ದರೆ ಅಲ್ಲಿ ಲೇಪವೇ ಎದ್ದಿದೆ, ಕೈಬಿಡಿ, ಆ ಬ್ಲಾಕಿಗೆ ಮರುಲೇಪವೇ ಗತಿ. ನನ್ನದು ಆರೇಳು ಸುತ್ತಿಗೆ ನಿಂತಿತು. ಅಡುಗೆ ಸೋಡಾ ನೀರು, ಸೋಪು ನೀರು, ಪಾತ್ರೆ ಉಜ್ಜೋ ಹಸಿರು ನಾರಿನಲ್ಲಿ ಅಡ್ಡಡ್ಡ ಎಳೆತ, ಬಿಳಿ ಬಟ್ಟೆ ಬಿಳಿಯಾಗೇ ಬರೋವರೆಗೆ ತೊಳೆತ, ತಕ್ಷಣ ಎಣ್ಣೆ. ಬಯಲಲ್ಲೇ ಮಾಡಿ. ಆ ಹೊಗೆ ಗಂಟಲಿಗೂ ಕೆಟ್ಟದ್ದು, ಪಕ್ಕದಲ್ಲಿಟ್ಟ ಸ್ಪ್ಯಾನರ್ ಬೆಳಿಗ್ಗೆಗೆ ತುಕ್ಕು. ಕಾಸ್ಟಿಕ್ ಸೋಡಾದಲ್ಲೂ ನೋಡಿದೆ. ಕೆಲಸ ಆಗುತ್ತೆ, ಆದರೆ ಹರಡಿಕೊಳ್ಳುತ್ತೆ, ಹತೋಟಿ ಸಾಲದು.

ಇಷ್ಟಕ್ಕೇ ಖುಷಿಪಟ್ಟು ಹೊಸ ಪಿಸ್ಟನ್ ಹಾಕಿದ್ದೇ ತಪ್ಪು. 20 ನಿಮಿಷಕ್ಕೆ ಮತ್ತೆ ಹಿಡಿಯಿತು, ಒಂಬತ್ತು ಸಾವಿರ ನೀರಿಗೆ. ಗುರುತು ಎಕ್ಸಾಸ್ಟ್ ಕಡೆ ಮಾತ್ರ. ನಾಲ್ಕೂ ಮೂಲೆಯಲ್ಲಿ ಹಿಡಿದಿದ್ದರೆ ಎಂಜಿನ್ ಬಿಸಿಯಾಗೋ ಮೊದಲೇ ಎಳೆದದ್ದು ಅಥವಾ ಪಿಸ್ಟನ್, ಬೋರ್ ನಡುವಿನ ಕ್ಲಿಯರೆನ್ಸ್ ಕಮ್ಮಿ ಅನ್ನಬಹುದಿತ್ತು; ಇದು ಎಲ್ಲೋ ಗಾಳಿ ಎಳೀತಿರೋದು, ಮಿಕ್ಸ್ಚರಿನಲ್ಲಿ ಪೆಟ್ರೋಲ್ ಕಮ್ಮಿಯಾಗಿ ಬಿಸಿ ಏರೋದು. ಆಕ್ಸಿಲರೇಟರ್ ಬಿಟ್ಟರೂ ಆರ್‌ಪಿಎಂ ತಕ್ಷಣ ಇಳೀತಿರಲಿಲ್ಲ, ಅದನ್ನು ಕಾರ್ಬೋರೇಟರ್ ತಲೆಗೆ ಕಟ್ಟಿದ್ದೆ.

ಲೀಕ್ ಟೆಸ್ಟ್ ಕಿಟ್ ನಾನೇ ಮಾಡಿದೆ. ಬಿಪಿ ನೋಡೋ ಗಡಿಯಾರ ಮೀಟರು ಮತ್ತು ಅದರ ಬಲ್ಬು (350 ರೂಪಾಯಿ), ಇನ್‌ಟೇಕ್ ರಬ್ಬರಿಗೆ ತೂತು ಕೊರೆದ ಬಿರಡೆ. ಎಕ್ಸಾಸ್ಟ್ ಮುಚ್ಚೋ ಬಿರಡೆ ಯಾವುದರಿಂದ ಮಾಡಿದ್ದು ಅನ್ನೋದು ನನ್ನ ಹತ್ತಿರವೇ ಇರಲಿ. ಪಿಸ್ಟನ್ ಕೆಳಗಿಳಿಸಿ ಮೀಟರಿನ 250ಕ್ಕೆ ಒತ್ತಿದರೆ ಹೆಚ್ಚುಕಮ್ಮಿ 5 ಪಿಎಸ್ಐ. ನಿಮಿಷಕ್ಕೆ 10 ಇಳಿದರೆ ಬಿಡ್ತೀನಿ. ಇದು ಅರ್ಧ ನಿಮಿಷಕ್ಕೆ ಸೊನ್ನೆ. ಸೋಪು ನೀರು ಹಚ್ಚಿದರೆ ಮೊದಲು ಗುಳ್ಳೆ ಬಂದದ್ದು ಎಕ್ಸಾಸ್ಟ್ ಪೋರ್ಟನ್ನು ಹಿಗ್ಗಿಸಿ ಕುಗ್ಗಿಸೋ ಪವರ್ ವಾಲ್ವ್ ಶಾಫ್ಟಿನಲ್ಲಿ. ಅದು ಎಕ್ಸಾಸ್ಟ್ ಪೋರ್ಟಿನ ಆಚೆ, ಮಿಕ್ಸ್ಚರ್ ಕೆಡಿಸಲ್ಲ, ಓರಿಂಗ್ (ರಬ್ಬರ್ ಉಂಗುರ) ಬದಲಿಸಿದರೆ ಸಾಕು. ನಿಜವಾದ ಕಳ್ಳ ಮ್ಯಾಗ್ನೆಟ್ ಹಿಂದಿನ ಎಡ ಕ್ರ್ಯಾಂಕ್ ಸೀಲು, ಕ್ರ್ಯಾಂಕ್ ಶಾಫ್ಟಿನ ಸುತ್ತ ಗಾಳಿ ತಡೆಯೋ ರಬ್ಬರ್ ಬಳೆ. ಬಲದ ಸೀಲ್ ಹೋಗಿದ್ದರೆ ಗೇರ್ ಆಯಿಲ್ ಕುಡಿದು ಬಿಳಿ ಹೊಗೆ ಕಾರಿ ತಾನೇ ಹೇಳ್ತಿತ್ತು. ಎಡದ್ದು ಹೇಳಲ್ಲ, ನೇರ ಸೀಜ್.

ಸೀಲಿಗೆ ಎರಡು ಸಣ್ಣ ಸ್ಕ್ರೂ ಹೊಡೆದು ಇಕ್ಕಳದಲ್ಲಿ ಎಳೆದರೆ ಬರುತ್ತೆ, ಕೇಸ್ ಬಿಚ್ಚಬೇಕಿಲ್ಲ. ಕ್ರ್ಯಾಂಕಿಗೆ ಗೀರು ಬೀಳಬಾರದು ಅಷ್ಟೇ. ಹಳೆ ಸೀಲಿನ ತುಟಿ (ಒಳ ಅಂಚು) ಶಾಫ್ಟಿನಲ್ಲಿ ಸಣ್ಣ ಕಾಲುವೆ ಕೊರೆದಿತ್ತು. ಹೊಸದನ್ನು ಸುಮಾರು ಒಂದು ಮಿಲಿಮೀಟರ್ ಹೊರಗೆ ಕೂರಿಸಿದೆ, ತುಟಿಗೆ ಹೊಸ ಜಾಗ ಸಿಕ್ಕಿತು. ಪ್ರೆಷರ್ ಇಳಿಯದೆ ನಿಂತಿತು. ಎಡಬಲ ಎರಡೂ ಸೇರಿ 1,200ರ ಸುಮಾರು. ಫ್ರಿಜ್ ರಿಪೇರಿಯವರ ಗೇಜ್ ತಂದು ವ್ಯಾಕ್ಯೂಮ್ ಕೂಡ ಹಿಡಿದು ನೋಡಿ. ಒತ್ತಿದಾಗ ತುಟಿ ಶಾಫ್ಟಿಗೆ ಅಂಟುತ್ತೆ, ಎಳೆದಾಗ ಏಳುತ್ತೆ. ಪ್ರೆಷರಿನಲ್ಲಿ ಪಾಸಾದ ಸೀಲ್ ಇಲ್ಲಿ ಸಿಕ್ಕಿಬೀಳಬಹುದು.

ಮಿಕ್ಕಿದ್ದು ಚಿಲ್ಲರೆ. ಫೋರ್ಕ್ ಸೀಲ್ ಸೋರ್ತಿತ್ತು, ಹಳೆ ಎಕ್ಸ್‌ರೇ ಫಿಲ್ಮ್ ಕತ್ತರಿಸಿ ತುಟಿಯೊಳಗೆ ಆಡಿಸಿದರೆ ಮಣ್ಣು ಬಂತು, ಸೋರೋದು ನಿಂತಿತು. ಹಿಂದಿನ ಸಸ್ಪೆನ್ಷನ್ನಿನ ಲಿಂಕೇಜ್ ಬೇರಿಂಗ್ ತುಕ್ಕುಪುಡಿ, ಪ್ರೆಷರ್ ವಾಶ್ ಮಾಡಿಸಿದ ಫಲ, ಬದಲಾಯಿಸಿದೆ. ಕಾರ್ಬೋರೇಟರಿನಲ್ಲಿ ಪೆಟ್ರೋಲ್ ಅಳೆದುಬಿಡೋ ಜೆಟ್ ವಿಷಯದಲ್ಲಿ ಒಂದು ತಮಾಷೆ: ಬೆಂಗಳೂರಿನ 900 ಮೀಟರ್ ಎತ್ತರಕ್ಕೆ ಮೇನ್ ಜೆಟ್ ಇಳಿಸಬೇಕು, ಇ20 ಪೆಟ್ರೋಲಿಗೆ ಏರಿಸಬೇಕು. ಎರಡೂ ಮಾಡಿ ನೋಡಿ ಕೊನೆಗೆ ಇದ್ದದ್ದನ್ನೇ ಹಾಕಿದೆ, ಪ್ಲಗ್ ಕಾಫಿ ಬಣ್ಣಕ್ಕೆ ಬಂತು. ಪೆಟ್ರೋಲಿಗೆ ಆಯಿಲ್ 30ಕ್ಕೆ 1, ಅಂದರೆ ಲೀಟರಿಗೆ 33 ಎಂಎಲ್. ಆರ್‌ಎಕ್ಸ್ ಅಭ್ಯಾಸದಲ್ಲಿ 20 ಎಂಎಲ್ ಹಾಕಬೇಡಿ.

ಈಗ 18 ಗಂಟೆ ಓಡಿದೆ. ಮೊನ್ನೆ ಬಿಚ್ಚಿದಾಗ ನಾರು ಎಳೆದ ಅಡ್ಡಗೆರೆ ಬೋರ್‌ನಲ್ಲಿ ಇನ್ನೂ ಕಾಣ್ತಿತ್ತು, ಪಿಸ್ಟನ್ ರಿಂಗಿನ ತುದಿಗಳ ನಡುವಿನ ಗ್ಯಾಪ್ 0.45 ಮಿಲಿಮೀಟರ್ ಇದ್ದದ್ದು 0.50ರ ಆಸುಪಾಸು. ಸ್ಲೀವ್ ಹಾಕ್ಸಿ ಅಂದವರಲ್ಲೇ ಒಬ್ಬರು ಹೋದ ವಾರ ಒಂದು ಕವಾಸಾಕಿ ಕೆಎಕ್ಸ್ 85 ಬ್ಲಾಕ್ ತಂದು ಬಡ್ಸ್ ಎಷ್ಟು ಬೇಕು ಅಂತ ಕೇಳಿದರು.