ಮೂರು ಕಾರ್ಖಾನೆ, ನಾಲ್ಕು ಬ್ರಾಂಚು

ಬೆಳಗಾವಿಯಲ್ಲಿ ಕುಳಿತು ನಾವು ನಾಲ್ವರು ಬರೆದ ಕಬ್ಬು ತೂಕದ ತಂತ್ರಾಂಶವು ಬಾಗಲಕೋಟೆ ಜಿಲ್ಲೆಯ ಮೂರು ಸಕ್ಕರೆ ಕಾರ್ಖಾನೆಗಳ ಕಾಟಾಗಳಲ್ಲಿ ಓಡುತ್ತಿತ್ತು. ಒಂದೊಂದು ಕಾರ್ಖಾನೆಯೂ ತನ್ನದೇ ಬಿಲ್ಲಿನ ನಮೂನೆಯನ್ನೂ ಕಡಿತಗಳ ಪಟ್ಟಿಯನ್ನೂ ಕೇಳಿದ್ದರಿಂದ, ಕೋಡಿನ ಬದಲಾವಣೆಗಳನ್ನು ದಾಖಲಿಸಿಡುವ ಗಿಟ್‌ನಲ್ಲಿ ಮುಖ್ಯ ಬ್ರಾಂಚಿನ (ಕೋಡಿನ ಕವಲಿನ) ಜೊತೆಗೆ ಇನ್ನೂ ಮೂರನ್ನು ಸಾಕಬೇಕಾಯಿತು.

ಮೊದಲ ಹಂಗಾಮಿನಲ್ಲಿ ದೂರು ಬಂದ ಬ್ರಾಂಚಿನಲ್ಲೇ ದೋಷವನ್ನು ತಿದ್ದಿ, ಚೆರಿ-ಪಿಕ್ ಮೂಲಕ, ಅಂದರೆ ಆ ಒಂದು ತಿದ್ದುಪಡಿಯನ್ನಷ್ಟೇ ನಕಲಿಸಿ, ಉಳಿದವುಗಳಿಗೆ ಒಯ್ಯುತ್ತಿದ್ದೆವು. ಹಾಗೆ ಒಯ್ದ ಕಮಿಟ್ (ಗಿಟ್ ದಾಖಲಿಸಿದ ಬದಲಾವಣೆ) ಹೊಸ ಹ್ಯಾಶ್ (ಗುರುತಿನ ಸಂಖ್ಯೆ) ಪಡೆದು ಬೇರೆಯದೇ ಆಗುವುದರಿಂದ, ಯಾವ ತಿದ್ದುಪಡಿ ಎಲ್ಲಿಗೆ ಮುಟ್ಟಿದೆ ಎಂದು ಹೇಳಲು ಗೋಡೆಗೆ ಅಂಟಿಸಿದ ಹಾಳೆಯೊಂದೇ ಆಧಾರವಾಗಿತ್ತು. ರಾತ್ರಿ ಪಾಳಿಯಲ್ಲಿ ತಿದ್ದಿದವರು ಹಾಳೆಯಲ್ಲಿ ಬರೆಯುವುದನ್ನು ಮರೆಯುತ್ತಿದ್ದರು, ನಾನೂ ಸೇರಿದಂತೆ.

ಎರಡನೆಯ ಹಂಗಾಮಿಗೆ ಕ್ರಮ ಬದಲಿಸಿದೆ. ದೋಷ ಹುಟ್ಟಿದ ಕಮಿಟ್ ಅನ್ನು ಬೈಸೆಕ್ಟ್ ಮಾಡಿ, ಅಂದರೆ ಕಮಿಟ್‌ಗಳ ಸಾಲನ್ನು ಅರ್ಧರ್ಧ ಮಾಡುತ್ತ ಹುಡುಕಿ, ಅಲ್ಲಿಂದಲೇ ಚಿಕ್ಕ ಬ್ರಾಂಚೊಂದನ್ನು ಒಡೆದು, ಅದರಲ್ಲಿ ತಿದ್ದಿ, ಆ ದೋಷವಿರುವ ಎಲ್ಲ ಬ್ರಾಂಚುಗಳಿಗೂ ಮರ್ಜ್ ಮಾಡತೊಡಗಿದೆವು, ಅಂದರೆ ಕೂಡಿಸತೊಡಗಿದೆವು. ಒಂದೇ ಕಮಿಟ್ ಎಲ್ಲೆಡೆ ಇರುವುದರಿಂದ ಅದು ಯಾವ ಬ್ರಾಂಚುಗಳಲ್ಲಿದೆ ಎಂಬುದನ್ನು ಗಿಟ್ ತಾನೇ ಹೇಳುತ್ತದೆ. ಕಾನ್‌ಫ್ಲಿಕ್ಟ್ (ಒಂದೇ ಸಾಲು ಎರಡು ಕಡೆ ಬೇರೆ ಬೇರೆಯಾಗಿ ಬದಲಾದ ತಿಕ್ಕಾಟ) ಬಂದಾಗ ಎರಡೂ ಕಡೆಯ ಸಾಲುಗಳ ನಡುವೆ ಮೂಲ ಸಾಲು ಕಾಣುವಂತೆ ಡಿಫ್3 ಶೈಲಿ ಹಾಕಿಕೊಂಡೆವು. ಯಾರು ಏನನ್ನು ಬದಲಿಸಿದರು ಎಂಬುದು ಮೂಲ ಸಾಲು ಕಾಣದೆ ತಿಳಿಯುವುದಿಲ್ಲ. ಒಮ್ಮೆ ಬಿಡಿಸಿದ ಕಾನ್‌ಫ್ಲಿಕ್ಟ್ ಮರಳಿ ಬಂದರೆ ಗಿಟ್‌ನ ರೀರೀರೀ (rerere) ಸೌಲಭ್ಯ ಹಿಂದೆ ಬಿಡಿಸಿದ ರೀತಿಯನ್ನು ನೆನಪಿಟ್ಟು ಅದನ್ನು ಬಿಡಿಸುತ್ತದೆ.

ಆದರೆ ನನಗೆ ಬೆವರಿಳಿಸಿದ್ದು ಯಾವ ಕಾನ್‌ಫ್ಲಿಕ್ಟೂ ಇಲ್ಲದೆ ಆದ ಮರ್ಜ್. ಮುಖ್ಯ ಬ್ರಾಂಚಿನಲ್ಲಿ ನಿವ್ವಳ ತೂಕ ಲೆಕ್ಕ ಹಾಕುವ ಫಂಕ್ಷನ್ (ಕೋಡಿನ ತುಣುಕು) ಟನ್ನಿನ ಬದಲು ಕಿಲೋಗ್ರಾಮಿನಲ್ಲಿ ಉತ್ತರ ಕೊಡುವಂತೆ ಬದಲಾಗಿತ್ತು. ಅದನ್ನು ಕರೆಯುವ ಕಡೆಗಳನ್ನೂ ಸರಿಪಡಿಸಿದ್ದೆವು. ಅಷ್ಟರಲ್ಲಿ ಒಂದು ಕಾರ್ಖಾನೆಯ ಬ್ರಾಂಚಿನಲ್ಲಿ ರೈತನ ಬಿಲ್ಲಿನಿಂದ ಕಡಿತವಾಗುವ ಕಟಾವಿನ ಕೂಲಿಗೆಂದು ಹೊಸ ಫೈಲು ಸೇರಿ, ಅದು ಅದೇ ಫಂಕ್ಷನ್ನಿನ ಉತ್ತರವನ್ನು ಟನ್ ಎಂದೇ ನಂಬಿ ಪ್ರತಿ ಟನ್ನಿನ ದರದಿಂದ ಗುಣಿಸುತ್ತಿತ್ತು. ಗಿಟ್ ಹೋಲಿಸುವುದು ಸಾಲುಗಳನ್ನು, ಅವುಗಳ ಅರ್ಥವನ್ನಲ್ಲ. ಬದಲಾವಣೆಗಳು ಬೇರೆ ಬೇರೆ ಫೈಲುಗಳಲ್ಲಿದ್ದುದರಿಂದ ಅದು ತಕರಾರಿಲ್ಲದೆ ಕೂಡಿಸಿಬಿಟ್ಟಿತು. ಕಂಪೈಲ್ (ಕೋಡನ್ನು ಓಡಬಲ್ಲ ತಂತ್ರಾಂಶವಾಗಿಸುವ ಹಂತ) ಕೂಡ ಸರಾಗವಾಗಿ ಆಯಿತು. ಕಾರ್ಖಾನೆಗೆ ಕಳುಹಿಸುವ ಹಿಂದಿನ ದಿನ ಪರೀಕ್ಷೆಗೆಂದು 18 ಟನ್ನಿನ ಒಂದು ಟ್ರಾಕ್ಟರ್ ಲೋಡಿನ ಲೆಕ್ಕ ಹಾಕಿದಾಗ, ರೈತನೇ ಕಾರ್ಖಾನೆಗೆ ಕೋಟಿಗೂ ಮಿಕ್ಕಿ ಕೊಡಬೇಕೆಂದು ಬಿಲ್ಲು ಹೊರಬಂತು. ತಪ್ಪು ಇಷ್ಟು ದೊಡ್ಡದಾಗಿದ್ದುದೇ ಪುಣ್ಯ. ನೂರಿನ್ನೂರು ರೂಪಾಯಿಯ ವ್ಯತ್ಯಾಸವಾಗಿದ್ದರೆ ನಮ್ಮ ಕಣ್ಣಿಗೆ ಬೀಳುತ್ತಿರಲಿಲ್ಲ.

ಈಗ ಪ್ರತಿ ಮರ್ಜ್ ಆದ ಮೇಲೆ ಮೂರೂ ಕಾರ್ಖಾನೆಗಳ ಹಳೆಯ ಬಿಲ್ಲುಗಳನ್ನು ಮತ್ತೆ ಲೆಕ್ಕ ಹಾಕಿಸಿ, ಪೈಸೆಗೆ ಪೈಸೆ ತಾಳೆ ನೋಡುತ್ತೇವೆ. ಆ ಫಂಕ್ಷನ್ನಿನ ಹೆಸರಿನಲ್ಲೇ ಕೆಜಿ ಎಂದು ಸೇರಿಸಿದ್ದೇವೆ; ಹಳೆಯ ಹೆಸರಿನಿಂದ ಕರೆದರೆ ಕಂಪೈಲ್ ಆಗುವುದೇ ಇಲ್ಲ.